ಹಸಿರು ಬಟ್ಟೆಯ ಆಚೆ ಒಂದು ಹೆಬ್ಬೆರಳು

ಪಾನ್ ಯಿನ್‌ಹ್ವಾಳ ಬಲಗೈ ಹೆಬ್ಬೆರಳು ಹೋದದ್ದು ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ, ಫ್ಲಾಸ್ಕಿನ ಮುಚ್ಚಳ ಒತ್ತುವ ಯಂತ್ರದ ಕೆಳಗೆ. ಬೇರೆ ಸದ್ದೇನೂ ಬರಲಿಲ್ಲ. ಮುಚ್ಚಳ ಒತ್ತಿದಾಗ ಬರುವ ಧಡ್ ಎಂಬ ಸದ್ದೇ ಬಂತು. ಪಕ್ಕದ ಯಂತ್ರದವಳು ತಲೆ ಕೂಡ ಎತ್ತಲಿಲ್ಲ. ತಗಡಿಗೂ ಬೆರಳಿಗೂ ಆ ಯಂತ್ರ ಭೇದ ಮಾಡುವುದಿಲ್ಲ. ಭೇದ ಮಾಡಬೇಕಾದವರು ಮನುಷ್ಯರು. ಅವರು ಅದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಯಂತ್ರ ಮಾಡಿದವನೇನೋ ಯೋಚನೆ ಮಾಡಿಯೇ ಮಾಡಿದ್ದ. ಎರಡು ಗುಂಡಿ ಇಟ್ಟಿದ್ದ, ಎಡಕ್ಕೊಂದು, ಬಲಕ್ಕೊಂದು. ಎರಡೂ ಕೈಯಿಂದ ಒಟ್ಟಿಗೆ ಅದುಮಿದರೆ ಮಾತ್ರ ಮೇಲಿನ ಅಚ್ಚು ಕೆಳಗಿಳಿಯಬೇಕು. ಎರಡೂ ಕೈ ಗುಂಡಿಯ ಮೇಲಿದ್ದ ಮೇಲೆ ಅಚ್ಚಿನ ಬಾಯಲ್ಲಿ ಕೈ ಇರುವ ಮಾತೆಲ್ಲಿ? ಆದರೆ ಶಾವ್ ಧಣಿಯ ಕಾರ್ಖಾನೆಯಲ್ಲಿ, ಅಷ್ಟೇ ಏಕೆ, ಆ ಬೀದಿಯ ಅಷ್ಟೂ ಕಾರ್ಖಾನೆಗಳಲ್ಲಿ, ಒಂದು ಗುಂಡಿಯ ಸಂದಿಗೆ ಊಟದ ಕಡ್ಡಿಯ ಚೂರೊಂದನ್ನು ತುರುಕಿ ಅದು ಸದಾ ಅದುಮಿಕೊಂಡೇ ಇರುವಂತೆ ಮಾಡಿರುತ್ತಿದ್ದರು. ಆಗ ಒಂದು ಕೈ ಖಾಲಿ. ಖಾಲಿ ಕೈ ತಗಡು ಇಡುತ್ತದೆ, ಮುಚ್ಚಳ ತೆಗೆಯುತ್ತದೆ, ಕೆಲಸ ಬೇಗ ಸಾಗುತ್ತದೆ. ಹೊಸಬರು ಬಂದ ದಿನ ಮೇಸ್ತ್ರಿ ಮೊದಲು ಕಲಿಸುತ್ತಿದ್ದುದು ಆ ಕಡ್ಡಿ ತುರುಕುವ ವಿದ್ಯೆಯನ್ನೇ. ಶೌಚಾಲಯ ಎಲ್ಲಿದೆ ಎಂದು ಹೇಳುತ್ತಿದ್ದುದು ಅದಾದ ಮೇಲೆ.

ಯಿನ್‌ಹ್ವಾ ಗ್ವಿಝೌ ಕಡೆಯ ಗುಡ್ಡಗಾಡಿನವಳು, ಶ್ವೇಯ್ ಜನಾಂಗದವಳು. ಹತ್ತೊಂಬತ್ತರ ವಯಸ್ಸಿನಲ್ಲಿ, ಮರದ ಹಲಗೆಯಂಥ ಸೀಟಿನ ರೈಲಿನಲ್ಲಿ, ಕಾಲ ಬಳಿ ಬೇಯಿಸಿದ ಗೆಣಸಿನ ಚೀಲ ಇಟ್ಟುಕೊಂಡು ಪೂರ್ವದ ಕಡಲ ಸೀಮೆಗೆ ಬಂದವಳು. ಮೊದಲು ಬೂಟಿಗೆ ಅಂಟು ಬಳಿದಳು. ಆ ಅಂಟಿನ ವಾಸನೆಗೆ ತಲೆ ಸುತ್ತಿ ಬಿದ್ದ ಮೇಲೆ ಬಿಟ್ಟಳು. ಆಮೇಲೆ ಗೊಂಬೆಗಳಿಗೆ ಕಣ್ಣು ಹೊಲಿದಳು. ನಲವತ್ತು ದಾಟುವ ಹೊತ್ತಿಗೆ ಝೆಜಿಯಾಂಗಿನ ಈ ಲೋಹದ ಊರಿಗೆ ಬಂದು ಮುಚ್ಚಳ ಒತ್ತುತ್ತಿದ್ದಳು. ಗಂಡ ವೇಯ್ ದೂರದ ಗಾನ್ಸುವಿನಲ್ಲಿ ಸುರಂಗ ಕೊರೆಯುವ ಕೆಲಸದಲ್ಲಿದ್ದ. ಇಬ್ಬರೂ ಒಟ್ಟಿಗೆ ಕೂತು ಉಣ್ಣುತ್ತಿದ್ದುದು ವರ್ಷಕ್ಕೊಮ್ಮೆ, ಹೊಸವರ್ಷದ ರಜೆಯಲ್ಲಿ. ಇಷ್ಟು ವರ್ಷದಲ್ಲಿ ಯಿನ್‌ಹ್ವಾ ಯಾರೊಂದಿಗೂ ದನಿ ಎತ್ತಿ ಮಾತಾಡಿದ್ದಿಲ್ಲ. ‘ಒಳ್ಳೇ ಹೆಂಗಸು’ ಎಂದು ಧಣಿ ಹೇಳುತ್ತಿದ್ದ. ದನಿ ಎತ್ತದ ಹೆಂಗಸನ್ನು ಹೊಗಳುವುದಕ್ಕೆ ಧಣಿಗಳಿಗೆ ಏನು ಖರ್ಚು?

ಆ ದಿನ ರಕ್ತ ಕಂಡು ಮೊದಲು ಕಿರುಚಿದವಳು ಯಿನ್‌ಹ್ವಾ ಅಲ್ಲ, ಧಣಿಯ ಹೆಂಡತಿ.

"ಬೆರಳೆಲ್ಲಿ? ಬೆರಳು ಹುಡುಕ್ರೋ! ಕಾಲಡಿ ಸಿಕ್ಕೀತು, ನೋಡ್ಕೊಂಡು ನಡೀರಿ!"

ಒತ್ತಿ ಮುಗಿದ ಮುಚ್ಚಳಗಳ ಬುಟ್ಟಿಯಲ್ಲಿ ಸಿಕ್ಕಿತು. ಧಣಿಯ ಹೆಂಡತಿ ಅದನ್ನು ಸೆರಗಿನಲ್ಲಿ ಹಿಡಿದಂತೆ ಅಂಗಿಯ ತುದಿಯಲ್ಲಿ ಹಿಡಿದು ಒಳಗೆ ಓಡಿದಳು. ಆಕೆ ಕೆಟ್ಟವಳಲ್ಲ. ಅಳುತ್ತಲೇ ಇದ್ದಳು. ಅವಳ ಮಾವ ಅಟ್ಟದ ಮೇಲೆ ಇಟ್ಟಿದ್ದ ಔಷಧಿ ಸಾರಾಯಿಯ ಗಾಜಿನ ಭರಣಿ ಇಳಿಸಿಕೊಂಡು ಬಂದಳು. ಬೇರು, ಕೆಂಪು ಹಣ್ಣು, ಒಂದು ಸಣ್ಣ ಹಾವು, ಎಲ್ಲ ಹಾಕಿ ವರ್ಷಗಟ್ಟಲೆ ಕಳಿಸಿದ ಸಾರಾಯಿ. ಉಳುಕಿಗೆ ಅದೇ, ಮಂಡಿ ನೋವಿಗೆ ಅದೇ, ಬಾಣಂತಿಯ ಸೊಂಟಕ್ಕೂ ಅದೇ. ಆ ಸೀಮೆಯಲ್ಲಿ ಸಾರಾಯಿಗೆ ಹಾಕಿದ್ದು ಕೆಡುವುದಿಲ್ಲ ಎಂಬುದು ಮಕ್ಕಳಿಗೂ ಗೊತ್ತು. ಒಂದು ಬಾಟಲಿಗೆ ಅದನ್ನು ಸುರಿದು, ಬೆರಳನ್ನು ಅದರೊಳಗೆ ಬಿಟ್ಟಳು.

"ಕೊಳೆಯಲ್ಲ ಕಣೇ, ಹೆದ್ರಬೇಡ. ಡಾಕ್ಟ್ರು ಹಾಗೇ ಅಂಟಿಸ್ಕೊಡ್ತಾರೆ."

ಟವೆಲಿನಲ್ಲಿ ಕೈ ಸುತ್ತಿಕೊಂಡು ನೆಲದ ಮೇಲೆ ಕೂತಿದ್ದ ಯಿನ್‌ಹ್ವಾ ಬಾಟಲಿಯನ್ನೇ ನೋಡುತ್ತ ಹೇಳಿದಳು: "ತುದಿ ಇನ್ನೂ ಮೇಲೇ ಇದೆ ಅಕ್ಕಾ. ಪೂರ್ತಿ ಮುಳುಗೋ ಹಾಗೆ ಇನ್ನೊಂಚೂರು ಹಾಕಿ."

ಇನ್ನೊಂಚೂರು ಹಾಕಿದರು.

ಆಸ್ಪತ್ರೆಯಲ್ಲಿ ಡಾಕ್ಟರ್ ಯಾನ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಬಾಟಲಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಇದನ್ನ ಸಾರಾಯಿಗೆ ಹಾಕಿದ್ದು ಯಾರು?"

ಧಣಿಯ ಹೆಂಡತಿ ಮೆಲ್ಲಗೆ ಕೈ ಎತ್ತಿದಳು.

"ಬೇಯಿಸ್ಕೊಂಡು ತಂದಿದ್ರೂ ಇದೇ ಗತಿ ಆಗ್ತಿತ್ತು. ಒದ್ದೆ ಬಟ್ಟೇಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲಾನ ಮಂಜುಗಡ್ಡೆ ಮೇಲಿಟ್ಟು ತಂದಿದ್ರೆ ಸಾಕಿತ್ತು. ಸಾರಾಯಿ ಒಳಗಿನ ರಕ್ತನಾಳಗಳನ್ನೆಲ್ಲ ಸುಟ್ಟುಬಿಟ್ಟಿದೆ. ಇದನ್ನ ಕೂರಿಸೋಕಾಗಲ್ಲ."

ಧಣಿಯ ಹೆಂಡತಿ ಗೋಡೆಗೆ ಒರಗಿ ಮತ್ತೆ ಅಳತೊಡಗಿದಳು. ಪಾಪ, ಅವಳ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಸಿಟ್ಟು ಬರಬೇಕಾದ ಕಡೆ ಬೇರೆ ಇದೆ. ಆ ಊರಿನ ಪ್ರತಿ ಬಸ್ಸಿನ ಬೆನ್ನ ಮೇಲೂ ಕೈ ಆಸ್ಪತ್ರೆಗಳ ಜಾಹೀರಾತು. ನಗುವ ನರ್ಸು, ಸೂಕ್ಷ್ಮದರ್ಶಕದ ಮುಂದೆ ಕೂತ ಡಾಕ್ಟರು, ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಯುವ ಕೈಚಳಕದ ಬಣ್ಣನೆ. ಕಾರ್ಖಾನೆಯ ಗೇಟಿಗೆ ಅವರ ಕ್ಯಾಲೆಂಡರು ಬರುತ್ತದೆ, ಬೀಸಣಿಗೆ ಬರುತ್ತದೆ. ತುಂಡಾದ ಬೆರಳನ್ನು ಹೇಗೆ ತರಬೇಕು ಎಂಬ ಒಂದೇ ಒಂದು ಸಾಲನ್ನು ಮಾತ್ರ ಯಾವ ಪುಣ್ಯಾತ್ಮನೂ ಅಚ್ಚು ಹಾಕಿಸಿರಲಿಲ್ಲ. ಆ ಡಾಕ್ಟರುಗಳು ನಿಪುಣರು ನಿಜ. ದೂರದ ಮಹಾನಗರಗಳಿಂದ ಕಲಿಯಲು ಬರುತ್ತಾರೆ. ಆ ನಿಪುಣತೆ ಎಲ್ಲಿಂದ ಬಂತು? ಅಭ್ಯಾಸದಿಂದ. ಅಭ್ಯಾಸಕ್ಕೆ ಬೇಕಾದ ಕೈಗಳು ಎಲ್ಲಿಂದ ಬಂದವು? ಇದನ್ನು ಕೇಳಿದರೆ ಅವರ ಸನ್ಮಾನ ಸಮಾರಂಭದಲ್ಲಿ ಹೂಗುಚ್ಛ ಹಿಡಿದವರ ಮುಖ ಸಪ್ಪಗಾಗುತ್ತದೆ.

ಯಿನ್‌ಹ್ವಾಳನ್ನು ಆಪರೇಷನ್ ಕೋಣೆಗೆ ತಳ್ಳಿಕೊಂಡು ಹೋದರು. ಕೈಯ ಆಪರೇಷನ್ನಿಗೆ ಪೂರ್ತಿ ಮಲಗಿಸುವುದಿಲ್ಲ. ಕೊರಳ ಪಕ್ಕದಲ್ಲಿ ಒಂದು ಸೂಜಿ ಚುಚ್ಚುತ್ತಾರೆ; ಭುಜದಿಂದ ಕೆಳಗೆ ತೋಳು ಇನ್ನೊಬ್ಬರದ್ದಾಗಿಬಿಡುತ್ತದೆ. ಮುಖಕ್ಕೂ ಕೈಗೂ ನಡುವೆ ಒಂದು ಹಸಿರು ಬಟ್ಟೆ ಇಳಿಬಿಡುತ್ತಾರೆ. ಆಚೆ ಕೈ, ಈಚೆ ಮನುಷ್ಯ. ಆಚೆ ಏನು ಮಾಡುತ್ತಿದ್ದಾರೋ ಕಾಣುವುದಿಲ್ಲ. ಕಿವಿಗೆ ಮಾತ್ರ ಯಾರೂ ಸೂಜಿ ಚುಚ್ಚಿರುವುದಿಲ್ಲ. ಇದು ಡಾಕ್ಟರುಗಳಿಗೆ ಅನೇಕ ಸಲ ಮರೆತುಹೋಗುತ್ತದೆ.

ಬಾಗಿಲು ತೆರೆದ ಸದ್ದು ಕೇಳಿತು. "ಪಾನ್ ಯಿನ್‌ಹ್ವಾ ಮನೆಯವರು ಯಾರಿದ್ದೀರಿ?" ಎಂದು ಡಾಕ್ಟರ್ ಯಾನ್ ಹೊರಗೆ ಕೇಳುತ್ತಿದ್ದ. ಆ ದೇಶದ ಆಸ್ಪತ್ರೆಗಳ ರೀತಿಯೇ ಹಾಗೆ. ರೋಗಿಗೆ ಏನನ್ನೂ ಹೇಳುವುದಿಲ್ಲ, ಹೇಳುವುದೆಲ್ಲ ಮನೆಯವರಿಗೆ. ನೋವು ಒಬ್ಬರದು, ವಿವರ ಇನ್ನೊಬ್ಬರಿಗೆ. ಇದಕ್ಕೆ ಅವರು ಕರುಣೆ ಎಂದು ಹೆಸರಿಟ್ಟಿದ್ದಾರೆ.

"ನಾನೇ, ನಾನೇ," ಎಂದು ಶಾವ್ ಧಣಿಯ ದನಿ ಕೇಳಿತು. "ನಮ್ಮ ಕಾರ್ಖಾನೇಲಿ ಎಲ್ರೂ ಒಂದೇ ಮನೆಯವ್ರ ಹಾಗೆ ಡಾಕ್ಟ್ರೇ. ತಗೊಳ್ಳಿ, ಒಂದು ಸಿಗರೇಟ್ ತಗೊಳ್ಳಿ."

ಅದಾದ ಮೇಲೆ ಗುಸುಗುಸು. ಬಾಗಿಲು ಮುಚ್ಚಿತು. ಡಾಕ್ಟರ್ ಒಳಗೆ ಬಂದು ಜೊತೆಯವನಿಗೆ ಹೇಳಿದ: "ಮನೆಯವ್ರು ಚುಟುಕಾಗಿ ಮುಗಿಸಿ ಅಂದ್ರು. ಮೂಳೆ ಹಿಂದಕ್ಕೆ ಕತ್ತರಿಸಿ ಚರ್ಮ ಎಳೆದು ಹೊಲಿದುಬಿಡೋಣ. ಮೂಳೆ ಕತ್ತರಿ ಕೊಡಿ."

ತಟ್ಟೆಯಿಂದ ಉಕ್ಕಿನ ಉಪಕರಣವೊಂದನ್ನು ಎತ್ತಿದ ಸದ್ದು.

"ಯಾವ ಮನೆಯವ್ರು?" ಎಂದಳು ಯಿನ್‌ಹ್ವಾ.

ಬಟ್ಟೆಯ ಆಚೆ ಎಲ್ಲ ನಿಂತಿತು.

"ಸುಮ್ನೆ ಮಲಗಮ್ಮಾ," ಎಂದು ತಲೆಯ ಬಳಿ ಕೂತಿದ್ದ ಅರಿವಳಿಕೆಯ ಡಾಕ್ಟರ್ ಅವಳ ಹಣೆ ಮುಟ್ಟಿದ.

"ಸೂಜಿ ಚುಚ್ಚಿದ್ದು ತೋಳಿಗೆ. ಬಾಯಿಗಲ್ಲ," ಎಂದಳು ಅವಳು. ತನ್ನ ದನಿ ಅಷ್ಟು ಗಟ್ಟಿಯಾಗಿ ಹೊರಟದ್ದು ಕೇಳಿ ಅವಳಿಗೇ ಆಶ್ಚರ್ಯವಾಯಿತು. "ಶಾವ್ ಧಣಿ ನನ್ನ ಮನೆಯವ್ರಲ್ಲ. ನಮ್ಮನೇಲಿ ಅವ್ರ ಪಾಲಿನ ಅನ್ನದ ಬಟ್ಟಲಿಲ್ಲ. ನಮ್ಮ ಅಪ್ಪ ಸತ್ತಾಗ ಮೂರು ದಿನ ರಜಾ ಕೇಳಿದ್ದಕ್ಕೆ ಒಂದು ದಿನ ಕೊಟ್ಟೋರು ಅವ್ರು. ಯಾವ ಮನೆಯವ್ರು ಹಾಗೆ ಮಾಡ್ತಾರೆ?"

ನರ್ಸೊಬ್ಬಳು ಕಿಸಕ್ಕನೆ ನಕ್ಕು ತಡೆದುಕೊಂಡಳು.

ಡಾಕ್ಟರ್ ಯಾನ್ ಬಟ್ಟೆಯ ಮೇಲಿನಿಂದ ಇಣುಕಿದ. ಮುಖವಾಡದ ಮೇಲೆ ಅವನ ಕಣ್ಣು ಮಾತ್ರ ಕಾಣುತ್ತಿತ್ತು, ಕೆಂಪಾದ ದಣಿದ ಕಣ್ಣು. ಬೆಳಗಿನಿಂದ ಅವನಿಗೆ ಅದು ಎಷ್ಟನೆಯ ಕೈಯೋ.

"ನಿನ್ನ ಒಳ್ಳೇದಕ್ಕೇ ಮಾಡ್ತಿರೋದು. ಬೇಗ ವಾಸಿ ಆಗತ್ತೆ, ಬೇಗ ಮನೆಗೆ ಹೋಗ್ತೀಯ."

"ಮೂಳೆ ಕತ್ತರಿಸದೇ ಇದ್ರೆ?"

"ಕತ್ತರಿಸದೇ ಇದ್ರೆ ಮುಚ್ಚೋದಕ್ಕೆ ಚರ್ಮ ಸಾಲಲ್ಲ. ಕೈಯನ್ನ ಕೆಳಹೊಟ್ಟೆ ಚರ್ಮಕ್ಕೆ ಹೊಲಿದು ಮೂರು ವಾರ ಹಾಗೇ ಇರ್ಬೇಕಾಗತ್ತೆ. ಹೊಟ್ಟೆ ಚರ್ಮ ಕೈಗೆ ಹತ್ತಿಕೊಂಡ ಮೇಲೆ ಬಿಡಿಸ್ತೀವಿ. ಬಹಳ ಕಷ್ಟ ಅದು."

"ಅಷ್ಟು ಕಷ್ಟಪಟ್ಟ ಮೇಲೆ ಏನು ಸಿಗತ್ತೆ?"

ಅವನು ಕೊಂಚ ತಡೆದು ಹೇಳಿದ. "ಬುಡ ಉಳಿಯತ್ತೆ. ಬುಡ ಉಳಿದ್ರೆ, ಕೆಲವು ತಿಂಗಳು ಬಿಟ್ಟು ಕಾಲಿನ ಎರಡನೇ ಬೆರಳು ತೆಗೆದು ಅಲ್ಲಿ ಕೂರಿಸ್ಬೋದು. ಹಿಡಿಯೋಕೆ ಬರತ್ತೆ. ಬುಡಾನೇ ಕತ್ತರಿಸಿಬಿಟ್ರೆ ಮುಂದೆ ಅಷ್ಟು ಚೆನ್ನಾಗಿ ಮಾಡೋಕಾಗಲ್ಲ."

"ಇದನ್ನ ಇಲ್ಲೀ ತನಕ ನನಗೆ ಯಾಕೆ ಹೇಳ್ಲಿಲ್ಲ?"

"ಮನೆಯವ್ರಿಗೆ ಹೇಳಿದೆನಲ್ಲ."

"ಕೈ ಯಾರದ್ದು ಡಾಕ್ಟ್ರೇ?"

ಯಿನ್‌ಹ್ವಾಳ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು. ಒರೆಸಿಕೊಳ್ಳೋಣವೆಂದರೆ ಒಂದು ಕೈಯನ್ನು ಕಟ್ಟಿದ್ದರು, ಇನ್ನೊಂದು ಅವಳದಾಗಿರಲಿಲ್ಲ. "ಮೂಳೆ ಮುಟ್ಬೇಡಿ," ಎಂದಳು. "ಹೊಟ್ಟೆಗಾದ್ರೂ ಹೊಲೀರಿ, ಬೆನ್ನಿಗಾದ್ರೂ ಹೊಲೀರಿ. ಇರೋದನ್ನ ಕತ್ತರಿಸ್ಬೇಡಿ."

"ಮೂಳೆ ಕತ್ತರಿ ಆಚೆ ಇಡಿ," ಎಂದ ಡಾಕ್ಟರ್ ಯಾನ್.

ಶಾವ್ ಧಣಿಗೆ ಅಷ್ಟು ಅವಸರ ಯಾಕಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹೊಲಿದು ಮುಚ್ಚಿದ ಗಾಯ ಎಂದರೆ ಮುಚ್ಚಿದ ಮಾತು. ಹದಿನೈದು ದಿನಕ್ಕೆ ಕೈಗೊಂದು ಬಟ್ಟೆ ಸುತ್ತಿ, ಹಣ್ಣಿನ ಬುಟ್ಟಿ ಕೊಟ್ಟು, ರೈಲು ಹತ್ತಿಸಿದರೆ ಮುಗಿಯಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಇದ್ದವಳನ್ನು ನಾಲ್ಕು ಜನ ನೋಡುತ್ತಾರೆ, ಕೇಳುತ್ತಾರೆ. ಕಾರ್ಮಿಕ ಕಚೇರಿಯವರಿಗೂ ಎಂದಾದರೊಂದು ದಿನ ಎಚ್ಚರವಾಗುತ್ತದೆ.

ಆ ವಾರ್ಡಿನಲ್ಲಿ ಎಲ್ಲರೂ ಕೈಯವರೇ. ಕೈ ಹೊಟ್ಟೆಗೆ ಹೊಲಿಸಿಕೊಂಡವರು, ಕೈ ತೊಡೆಸಂದಿಗೆ ಹೊಲಿಸಿಕೊಂಡವರು, ಬೆರಳುಗಳಿಗೆ ಕಂಬಿ ಹಾಕಿಸಿಕೊಂಡವರು. ಅತ್ತ ತಿರುಗಿದರೆ ಹೊಲಿಗೆ ಎಳೆಯುತ್ತದೆ, ಇತ್ತ ತಿರುಗಿದರೆ ಭುಜ ಹಿಡಿಯುತ್ತದೆ. ಕೆಮ್ಮಿದರೆ ಜೀವ ಹೋಗುತ್ತದೆ, ನಕ್ಕರಂತೂ ಇನ್ನೂ ಕಷ್ಟ. ಪಕ್ಕದ ಮಂಚದ ಗೆಂಗ್ ಎಂಬ ಹೆನಾನಿನವನು ಅದಕ್ಕೆಂದೇ ಎಲ್ಲರನ್ನೂ ನಗಿಸುತ್ತಿದ್ದ. ಅವನ ಎಡಗೈ ಮರ ಕೊಯ್ಯುವ ಯಂತ್ರಕ್ಕೆ ಸಿಕ್ಕಿತ್ತು. ಅದೂ ಈಗ ಹೊಟ್ಟೆಗೆ ಅಂಟಿಕೊಂಡಿತ್ತು.

"ಮದ್ವೆ ಆದ ಹೊಸದ್ರಲ್ಲೂ ಯಾರೂ ನನ್ನ ಸೊಂಟಾನ ಇಷ್ಟು ಬಿಗಿಯಾಗಿ ಹಿಡ್ಕೊಂಡಿರ್ಲಿಲ್ಲ ನೋಡು ತಂಗೀ," ಎನ್ನುತ್ತಿದ್ದ. "ಬಿಡಿಸೋಕೆ ಡಾಕ್ಟ್ರೇ ಬರ್ಬೇಕು ಈಗ."

"ನಗಿಸ್ಬೇಡಿ ಗೆಂಗಣ್ಣಾ, ಎಳೆಯತ್ತೆ."

"ಹೊಟ್ಟೆ ಚರ್ಮ ಅಲ್ವಾ, ಕೈ ಮೇಲೆ ಹೋಗಿ ಕೂತ ಮೇಲೆ ಚೆನ್ನಾಗಿ ತಿಂದ್ರೆ ಅಲ್ಲೂ ಬೊಜ್ಜು ಬರತ್ತಂತೆ. ನಿಜ್ವಾಗ್ಲೂ! ಆ ಮೂಲೆ ಮಂಚದ ಹುವಾಂಗ್‌ನ ಕೈ ನೋಡು, ಎಂಟು ತಿಂಗಳ ಬಸುರಿ ಹಾಗಿದೆ."

ಧಣಿ ಹಾಲುಪುಡಿಯ ಡಬ್ಬ ಹಿಡಿದು ಬಂದದ್ದು ಎರಡನೆಯ ವಾರದಲ್ಲಿ. ಮಂಚದ ಅಂಚಿಗೆ ಕೂತು, ಡಬ್ಬವನ್ನು ಎಲ್ಲರಿಗೂ ಕಾಣುವಂತೆ ಇಟ್ಟು, ನಿಟ್ಟುಸಿರು ಬಿಟ್ಟ.

"ನೋಡು ಯಿನ್‌ಹ್ವಾ, ನಾನೇನು ಕೈಬಿಡೋನಲ್ಲ. ಆದ್ರೆ ಯೋಚ್ನೆ ಮಾಡು, ಆ ಗುಂಡಿಗೆ ಕಡ್ಡಿ ತುರುಕಿದ್ದು ಯಾರು? ನಾನಾ? ನಿನ್ನ ಕೈಯಾರೆ ನೀನೇ ತಾನೆ? ಯಾರಾದ್ರೂ ಕೇಳಿದ್ರೆ ಅಜಾಗರೂಕತೆ ಅಂತ ಹೇಳ್ಬಿಡು. ಇಬ್ರಿಗೂ ಸಲೀಸು."

ಅಜಾಗರೂಕತೆ! ಆ ಪದ ಎಂಥ ಅನುಕೂಲದ ಪದ! ಬೀದಿಯ ತುಂಬ ಅಷ್ಟೂ ಯಂತ್ರಗಳಲ್ಲಿ ಕಡ್ಡಿ, ಅಷ್ಟೂ ಮೇಸ್ತ್ರಿಗಳ ಬಾಯಲ್ಲಿ ಅದೇ ಪಾಠ, ಬೆರಳು ಬಿದ್ದ ಕೂಡಲೇ ಬಿದ್ದ ಬೆರಳಿನವಳೊಬ್ಬಳೇ ಅಜಾಗರೂಕಳು. ಕಡ್ಡಿ ತೆಗೆದು ಕೆಲಸ ಮಾಡಿದ ಹುಡುಗಿಯನ್ನು ‘ನಿಧಾನದವಳು’ ಎಂದು ಹೊಸವರ್ಷಕ್ಕೆ ಮುಂಚೆ ಮನೆಗೆ ಕಳಿಸಿದ್ದು ಯಾರು? ಯಿನ್‌ಹ್ವಾ ಅದನ್ನೇ ಕೇಳಿದಳು. ಧಣಿ ಗಡಿಯಾರ ನೋಡಿಕೊಂಡು ಎದ್ದುಹೋದ. ಕೈ ಹೊಟ್ಟೆಯಿಂದ ಬಿಡಿಸಿದ ಮೇಲೆ ಅವಳು ಸೀದಾ ಕಾರ್ಮಿಕ ಕಚೇರಿಗೆ ಹೋಗಿ ಅಲ್ಲಿನ ಬೆಂಚಿನ ಮೇಲೆ ಕೂತಳು. ಬಾಗಿಲು ತೆರೆಯುವ ಮುಂಚೆ ಹೋಗುತ್ತಿದ್ದಳು, ಬಾಗಿಲು ಹಾಕುವಾಗ ಏಳುತ್ತಿದ್ದಳು. ಬಟ್ಟೆ ಸುತ್ತದ ಕೈಯನ್ನು ಮಡಿಲಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟುಕೊಳ್ಳುತ್ತಿದ್ದಳು. ಅಧಿಕಾರಿಗಳಿಗೆ ಚಹಾ ಕುಡಿಯಲು ಮನಸ್ಸಾಗದೆ ಹೋಯಿತು. ಕೊನೆಗೆ ಅವಳನ್ನು ಎಬ್ಬಿಸುವುದಕ್ಕಾಗಿಯೇ ಅವರು ಧಣಿಯನ್ನು ಕರೆಸಿದರು. ಕಾಲ್ಬೆರಳಿನ ಆಪರೇಷನ್ನಿಗೆ ಅವನು ಒಪ್ಪಬೇಕಾಯಿತು.

ಧಣಿ ಒಪ್ಪಿದ. ಗಂಡ ಒಪ್ಪಲಿಲ್ಲ.

ಕೆಲವು ತಿಂಗಳ ಮೇಲೆ ಅವಳು ಮತ್ತೆ ಅದೇ ವಾರ್ಡಿಗೆ ಸೇರಿದಾಗ, ವೇಯ್ ಗಾನ್ಸುವಿನಿಂದ ರೈಲು ಹಿಡಿದು ಬಂದವನು ಹೆಂಡತಿಯ ಕೈ ನೋಡಿ ಮುಖ ಆ ಕಡೆ ತಿರುಗಿಸಿದ. ಆಮೇಲೆ ಬಯ್ಯಲು ಶುರುಮಾಡಿದ. ಅವನಿಗೆ ಅಳಲು ಬರುವುದಿಲ್ಲ, ಬಯ್ಯಲು ಬರುತ್ತದೆ.

"ಕೈ ಹೋಗಿದ್ದು ಸಾಲ್ದಾ? ಕಾಲೂ ಕೊಡ್ಬೇಕಾ? ನಾಳೆ ಕುಂಟ್ಕೊಂಡು ಗುಡ್ಡ ಹತ್ತೋಳು ಯಾರು? ಅಪ್ಪ ಅಮ್ಮ ಕೊಟ್ಟ ಮೈ ಅದು. ಅವ್ರು ಕತ್ತರಿಸ್ತಾರಂತೆ, ಇವಳು ಕೊಡ್ತಾಳಂತೆ! ನಾಲ್ಕು ಬೆರಳಿದಾವೆ, ಊರಿಗೆ ಬಾ, ಹಂದಿ ಸಾಕು. ಹೆಬ್ಬೆರಳಿಲ್ದೆ ಇದ್ರೆ ಹಂದಿ ಏನು ಬೇಜಾರು ಮಾಡ್ಕೊಳಲ್ಲ."

ಯಿನ್‌ಹ್ವಾ ಊಟ ಬಂದಾಗ ಗಾಯಕ್ಕೆ ಸುತ್ತುವ ಬಟ್ಟೆಯ ಉರುಳೆ ತೆಗೆದುಕೊಂಡು, "ಬಲಗೈ ಕೊಡಿ," ಎಂದಳು. ಅವನು ಕೊಟ್ಟ. ಗಂಡನ ಹೆಬ್ಬೆರಳನ್ನು ಅಂಗೈಗೆ ಮಡಿಸಿ ಎಡಗೈಯಿಂದಲೇ ಬಟ್ಟೆ ಸುತ್ತಿದಳು. ತುದಿಯನ್ನು ಹಲ್ಲಿನಿಂದ ಕಚ್ಚಿ ಬಿಗಿದಳು.

"ಏನೇ ಇದು?"

"ಉಣ್ಣಿ."

ಶ್ಯಾವಿಗೆಯ ಬಟ್ಟಲು ಮುಂದಿಟ್ಟಳು. ವೇಯ್ ಊಟದ ಕಡ್ಡಿ ಹಿಡಿಯಲು ಹೋದ, ಒಂದು ಕಡ್ಡಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದ, ಎತ್ತಲಾಗಲಿಲ್ಲ. ಎರಡು ಬೆರಳ ಸಂದಿಯಲ್ಲಿ ಕಡ್ಡಿಗಳನ್ನು ಸಿಕ್ಕಿಸಿಕೊಂಡು ಬಟ್ಟಲಿಗೇ ಬಾಯಿ ಹಾಕಿದ. ಸಾರು ಗದ್ದದ ಮೇಲೆ ಹರಿಯಿತು.

"ಅಣ್ಣಾವ್ರು ಊರಿಗೆ ಹೋಗೋಕೆ ಮುಂಚೆ ಹಂದಿ ಜೊತೆ ಊಟ ಮಾಡೋದು ರೂಢಿ ಮಾಡ್ಕೊಂತಿದಾರೆ," ಎಂದ, ನರವೊಂದನ್ನು ಬಿಡಿಸಿಕೊಳ್ಳಲು ತಾನೂ ಮತ್ತೆ ಸೇರಿದ್ದ ಗೆಂಗ್.

ವಾರ್ಡೆಲ್ಲ ನಕ್ಕಿತು. ವೇಯ್ ನಗಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸಲು ನೋಡಿದ. ಅಂಗಿಯ ಗುಂಡಿ ಹಾಕಲು ನೋಡಿದ. ಆಮೇಲೆ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡ.

"ಆಯ್ತು, ಮಾಡಿಸ್ಕೋ," ಎಂದ.

"ನಿಮ್ಮ ಅಪ್ಪಣೆ ಕೇಳೋಕೆ ಕಟ್ಟಿದ್ದಲ್ಲ," ಎಂದಳು ಅವಳು ಬಟ್ಟೆ ಬಿಚ್ಚುತ್ತ. "ನಿಮಗೆ ಗೊತ್ತಾಗ್ಲಿ ಅಂತ ಕಟ್ಟಿದ್ದು."

ಆಪರೇಷನ್ ಬೆಳಗ್ಗೆ ಶುರುವಾಗಿ ಕತ್ತಲಾಗುವ ತನಕ ನಡೆಯಿತು. ಎಡಗಾಲಿನ ಎರಡನೆಯ ಬೆರಳು ಬಲಗೈಗೆ ಬಂದು ಕೂತಿತು. ಸುಂದರವಾಗೇನೂ ಇರಲಿಲ್ಲ. ಮೊಂಡು ಉಗುರು, ತುದಿ ದಪ್ಪ, ಬುಡ ಸಣ್ಣ, ಸುತ್ತ ಕಪ್ಪು ದಾರದ ಹೊಲಿಗೆ. ಆದರೆ ತಿಳಿಗೆಂಪಾಗಿತ್ತು. ನರ್ಸು ಬಂದು ಬಂದು ಉಗುರನ್ನು ಒತ್ತಿ ಬಿಡುತ್ತಿದ್ದಳು. ಒತ್ತಿದಾಗ ಬೆಳ್ಳಗಾಗಿ, ಬಿಟ್ಟ ಕೂಡಲೇ ಕೆಂಪು ಮರಳಿ ಬಂದರೆ ರಕ್ತ ಓಡುತ್ತಿದೆ ಎಂದು ಅರ್ಥ. ಮೇಲೆ ಒಂದು ದೀಪ ಹಗಲೂ ಉರಿಯುತ್ತ ಬೆರಳನ್ನು ಬೆಚ್ಚಗಿಡುತ್ತಿತ್ತು. ಹೊಲಿದ ನಾಳ ಒಂದು ಶ್ಯಾವಿಗೆ ಎಳೆಯಷ್ಟೂ ದಪ್ಪ ಇಲ್ಲ. ಚಳಿಯಾದರೆ ಮುದುಡುತ್ತದೆ, ನೋವಾದರೆ ಮುದುಡುತ್ತದೆ, ಹೊಗೆ ಸೋಕಿದರಂತೂ ಗಕ್ಕನೆ ಹಿಡಿದುಕೊಳ್ಳುತ್ತದೆ ಎಂದು ಡಾಕ್ಟರ್ ಯಾನ್ ಹೇಳಿದ್ದ. ಈ ಸಲ ಅವನು ಅದನ್ನು ಅವಳಿಗೇ ಹೇಳಿದ್ದ, ಮಂಚದ ಪಕ್ಕದಲ್ಲಿ ಕೂತು. "ಮೊದಲ ವಾರ ಈ ಕೋಣೇಲಿ ಒಂದು ಸಿಗರೇಟೂ ಹತ್ತಬಾರ್ದು. ನೀನು ಸೇದೋದು ಹಾಗಿರ್ಲಿ, ಬೇರೆಯವರ ಹೊಗೇನೂ ಬೇಡ. ಬೆರಳು ಸತ್ತುಹೋಗತ್ತೆ." ಬಾಗಿಲ ಮೇಲೆ ದೊಡ್ಡಕ್ಷರದಲ್ಲಿ ಬರೆದೂ ಇತ್ತು.

ಆದರೆ ಬರೆದದ್ದಕ್ಕೂ ಮರ್ಯಾದೆಗೂ ಜಗಳ ಬಂದರೆ ಆ ಊರಿನಲ್ಲಿ ಯಾವಾಗಲೂ ಗೆಲ್ಲುವುದು ಮರ್ಯಾದೆಯೇ. ಗಂಡಸು ಗಂಡಸನ್ನು ಕಂಡರೆ ಮೊದಲು ಸಿಗರೇಟು ನೀಡಬೇಕು. ನೀಡಿದ್ದನ್ನು ಒಲ್ಲೆ ಎಂದರೆ ಮುಖಕ್ಕೆ ಹೊಡೆದಂತೆ. ಮದುವೆಯಲ್ಲಿ ಸಿಗರೇಟು, ಕಚೇರಿಯಲ್ಲಿ ಸಿಗರೇಟು, ಸಾವಿನ ಮನೆಯಲ್ಲೂ ಸಿಗರೇಟು.

ಮೂರನೆಯ ದಿನ ಮಧ್ಯಾಹ್ನ ಶಾವ್ ಧಣಿ ಬಂದ. ಹೊಸ ಕೋಟು, ಕೈಯಲ್ಲಿ ಕಿತ್ತಳೆ ಬುಟ್ಟಿ. ಗೆಂಗ್ ಎದುರು ಮಂಚದಲ್ಲಿ ನಿದ್ದೆ ಹೋಗಿದ್ದ. ಧಣಿ ವೇಯ್‌ನನ್ನು ಕಂಡವನೇ ಎರಡೂ ಕೈಯಲ್ಲಿ ಸಿಗರೇಟು ನೀಡಿದ, ದುಬಾರಿಯ ಕೆಂಪು ಪೊಟ್ಟಣದ್ದು.

"ತಮ್ಮಾ, ದೂರದಿಂದ ಬಂದಿದೀಯ. ತಗೋ."

ವೇಯ್ ಹೆಂಡತಿಯ ಕಡೆ ನೋಡಿದ, ಬಾಗಿಲ ಕಡೆ ನೋಡಿದ. ಸುರಂಗದಲ್ಲಿ ಬಂಡೆ ಒಡೆಯುವ ಗಂಡಸು, ಧಣಿ ಎರಡೂ ಕೈಯಲ್ಲಿ ನೀಡಿದ ಸಿಗರೇಟನ್ನು ಬೇಡ ಎನ್ನಲಾರದೆ ಹೋದ. ತೆಗೆದುಕೊಂಡು ಕಿವಿಯ ಮೇಲೆ ಸಿಕ್ಕಿಸಿಕೊಂಡ. ಧಣಿ ಬಿಡಲಿಲ್ಲ, ತನ್ನದನ್ನು ಹಚ್ಚಿಕೊಂಡು, ಲೈಟರನ್ನು ಅವನ ಮುಖದ ಮುಂದೆ ಹಿಡಿದ.

"ಇಲ್ಲಿ ಸೇದೋ ಹಾಗಿಲ್ಲ ಧಣಿ," ಎಂದಳು ಯಿನ್‌ಹ್ವಾ.

"ಕಿಟಕಿ ತೆಗೆದಿದೆಯಲ್ಲ, ಒಂದೇ ಒಂದು. ಗಂಡಸರು ಮಾತಾಡೋವಾಗ..." ಎಂದು ಅವನು ಕಿತ್ತಳೆ ಸುಲಿಯುವಂತೆ ಸಲೀಸಾಗಿ ಹೊಗೆ ಬಿಟ್ಟ. ವೇಯ್‌ನ ಸಿಗರೇಟೂ ಹತ್ತಿಕೊಂಡಿತು. ಮಂಚದ ಎರಡು ಬದಿಯಲ್ಲಿ ಇಬ್ಬರು ಗಂಡಸರ ಮರ್ಯಾದೆ, ನಡುವೆ ದೀಪದ ಕೆಳಗೆ ಮೂರು ದಿನದ ಬೆರಳು.

ಧಣಿ ಊರಿನ ಮಳೆಯ ವಿಷಯ, ಗಾನ್ಸುವಿನ ಚಳಿಯ ವಿಷಯ ಮಾತಾಡಿದ. ಯಿನ್‌ಹ್ವಾ ಬೆರಳನ್ನೇ ನೋಡುತ್ತಿದ್ದಳು. ಕೆಂಪು ಇಳಿಯುತ್ತಿತ್ತು. ದೀಪದ ಭ್ರಮೆಯೇನೋ ಎಂದುಕೊಂಡಳು. ಎಡಗೈಯಿಂದ ಉಗುರು ಒತ್ತಿ ಬಿಟ್ಟಳು. ಬೆಳ್ಳಗಾಯಿತು, ಬೆಳ್ಳಗೇ ಉಳಿಯಿತು. ಮುಟ್ಟಿದಳು. ತಣ್ಣಗಿತ್ತು.

ಮಂಚದ ಅಂಚಿನಲ್ಲಿದ್ದ ಕಿತ್ತಳೆ ಬುಟ್ಟಿ ಅವಳ ಎಡಗೈಯಿಂದ ಹಾರಿ ಧಣಿಯ ಎದೆಗೆ ಬಡಿದು ಕಿತ್ತಳೆಗಳು ನೆಲದ ತುಂಬ ಉರುಳಿದವು.

"ಏಳ್ರೀ! ಆಚೆ ನಡೀರಿ! ಇಬ್ರೂ!" ಅವಳ ಕೂಗಿಗೆ ಗೆಂಗ್ ಎದ್ದು ಕೂತ. ಕಾರಿಡಾರಿನಲ್ಲಿ ಹೋಗುತ್ತಿದ್ದವರು ನಿಂತರು. "ಒಂದು ಬೆರಳು ನಿಮ್ಮ ಯಂತ್ರ ತಿಂತು. ಇನ್ನೊಂದನ್ನ ಕಾಲಿಂದ ಕಿತ್ತು ಇಟ್ಕೊಂಡಿದೀನಿ, ಅದನ್ನ ನಿಮ್ಮ ಮರ್ಯಾದೆಗೆ ಕೊಡ್ಬೇಕಾ? ನನ್ನ ಹತ್ರ ಇನ್ನೆಷ್ಟು ಬೆರಳಿದಾವೆ ಅಂದ್ಕೊಂಡಿದೀರಿ? ಪ್ರತಿ ಸಲ ಬರ್ತೀರಿ, ಹಣ್ಣು ತರ್ತೀರಿ, ಮನೆಯವನು ಅಂತೀರಿ, ಹೋಗ್ವಾಗ ನನ್ನ ಮೈಯಿಂದ ಏನಾದ್ರೂ ಒಂದು ತಗೊಂಡೇ ಹೋಗ್ತೀರಿ!"

"ಏಯ್, ದೊಡ್ಡೋರ ಹತ್ರ..." ಎಂದ ವೇಯ್.

"ನೀವು ಬಾಯಿ ಮುಚ್ಚಿ! ಬಾಗಿಲ ಮೇಲೆ ಬರೆದಿದ್ದು ನಿಮಗೆ ಓದೋಕೆ ಬರಲ್ವಾ? ಅವ್ರು ನೀಡಿದ್ರಂತೆ, ಇವ್ರು ತಗೊಂಡ್ರಂತೆ! ನರ್ಸಮ್ಮಾ! ಬೆರಳು ತಣ್ಣಗಾಯ್ತು, ಬನ್ನಿ!"

ನರ್ಸು ಓಡಿಬಂದಳು, ಅವಳ ಹಿಂದೆ ಡಾಕ್ಟರ್ ಯಾನ್. ಕೋಣೆಯ ಗಾಳಿ ಮೂಸಿದ ಕೂಡಲೇ ಅವನ ಮುಖ ಕಪ್ಪಿಟ್ಟಿತು. ಒಂದು ಸೂಜಿ ಚುಚ್ಚಿದ, ಬಿಗಿಯಾಗಿದ್ದ ಎರಡು ಹೊಲಿಗೆ ಕತ್ತರಿಸಿ ಸಡಿಲಿಸಿದ, ದೀಪವನ್ನು ಹತ್ತಿರಕ್ಕೆ ಎಳೆದ. ನರ್ಸು ಬೆಚ್ಚನೆಯ ಬಟ್ಟೆ ತಂದಳು. ಗೆಂಗ್ ಸರಿಯಿದ್ದ ಒಂದು ಕೈಯಿಂದ ಕಿಟಕಿಗಳನ್ನೆಲ್ಲ ತಳ್ಳಿ ತೆರೆದು, ನೋಟೀಸು ಬರೆದ ರಟ್ಟನ್ನೇ ಕಿತ್ತು ಹೊಗೆಯನ್ನು ಹೊರಕ್ಕೆ ಬೀಸತೊಡಗಿದ. ವೇಯ್ ಸಿಗರೇಟನ್ನು ಎಲ್ಲಿ ಆರಿಸುವುದೆಂದು ತಿಳಿಯದೆ ತನ್ನ ಅಂಗೈಗೇ ಒತ್ತಿಕೊಂಡು ಆರಿಸಿದ. ಯಾರೂ ಅವನನ್ನು ನೋಡಲಿಲ್ಲ.

"ಕಾಯ್ಬೇಕು," ಎಂದ ಡಾಕ್ಟರ್. "ನಾಳ ಬಿಟ್ಟುಕೊಟ್ರೆ ಸರಿ. ಇಲ್ದಿದ್ರೆ ಮತ್ತೆ ಒಳಗೆ ಕರ್ಕೊಂಡು ಹೋಗಿ ಬಿಚ್ಚಬೇಕು. ಆಗ ಏನೂ ಹೇಳೋಕಾಗಲ್ಲ."

ಕಾದರು. ಉಗುರು ಬೂದಿಯ ಬಣ್ಣದಲ್ಲಿತ್ತು. ಯಿನ್‌ಹ್ವಾಳ ಮೈಯೆಲ್ಲ ಸಿಟ್ಟಿನಿಂದ ನಡುಗುತ್ತಿತ್ತು; ನಡುಗಿದರೆ ಬೆರಳಿಗೆ ಕೆಡುಕು ಎಂದು ಹಲ್ಲು ಕಚ್ಚಿ ನಡುಕ ತಡೆಯುತ್ತಿದ್ದಳು. ಸಿಟ್ಟನ್ನೂ ಅವಳು ಬೆರಳನ್ನು ಕೇಳಿಕೊಂಡೇ ಪಡಬೇಕಿತ್ತು. ಡಾಕ್ಟರ್ ಉಗುರು ಒತ್ತಿದ, ಬಿಟ್ಟ. ಮತ್ತೆ ಒತ್ತಿದ, ಬಿಟ್ಟ. ಕಿಟಕಿಯ ಹೊರಗೆ ಬೀದಿಯ ಯಂತ್ರಗಳು ಧಡ್ ಧಡ್ ಎನ್ನುತ್ತಲೇ ಇದ್ದವು.

ಮೊದಲು ಬಣ್ಣ ಬಂದದ್ದು ಉಗುರಿನ ಬುಡದಲ್ಲಿ, ಒಂದು ಗೆರೆಯಷ್ಟು. ಆಮೇಲೆ ಅದು ಹರಡಿತು. ನರ್ಸು ಬೆರಳು ಮುಟ್ಟಿ, "ಬೆಚ್ಚಗಾಗ್ತಿದೆ," ಎಂದಳು. ಡಾಕ್ಟರ್ ಯಾನ್ ಕುರ್ಚಿಯ ಮೇಲೆ ಕೂತು ಹಣೆ ಒರೆಸಿಕೊಂಡ.

"ಬದುಕಿಕೊಂಡಿತು," ಎಂದ.

ಕಾರಿಡಾರಿನ ಬೆಂಚಿನ ಬಳಿ ಶಾವ್ ಧಣಿ ಇನ್ನೂ ನಿಂತಿದ್ದ, ಕೋಟಿನ ಮೇಲೆ ಕಿತ್ತಳೆಯ ರಸದ ಕಲೆ. ಯಾರೋ ಬಂದು ತನಗೆ ಸಮಾಧಾನ ಹೇಳಲಿ ಎಂದು ಕಾಯುತ್ತಿರುವವನಂತೆ ಒಳಗೆ ಇಣುಕುತ್ತಿದ್ದ. ಕಾಯುತ್ತ ಕಾಯುತ್ತ ಅಭ್ಯಾಸಬಲದಿಂದ ಇನ್ನೊಂದು ಸಿಗರೇಟು ತುಟಿಗಿಟ್ಟುಕೊಂಡಿದ್ದ.

"ನಿನಗೇನಾದ್ರೂ ಬೇಕಾ?" ಎಂದು ಡಾಕ್ಟರ್ ಯಿನ್‌ಹ್ವಾಳನ್ನು ಕೇಳಿದ.

ಅವಳು ಹೊಸ ಬೆರಳಿನಿಂದ ಕಣ್ಣು ತೆಗೆಯಲಿಲ್ಲ.

"ಬಾಗ್ಲು ಹಾಕಿ ಡಾಕ್ಟ್ರೇ," ಎಂದಳು. "ಹೊಗೆ ಬರತ್ತೆ."